ಗೋವಾದಲ್ಲಿ ಅಗ್ಗದ ಪೋಕರ್ ಹುಡುಕಿ ಹೊರಡುವವರಿಗೆ: ಕೋಣೆಗಿಂತ ಮೊದಲು ಮೇಜನ್ನು ವಿಚಾರಿಸಿ

2025ರ ನವೆಂಬರ್ ತಿಂಗಳ ಒಂದು ಮಂಗಳವಾರ ರಾತ್ರಿ, ಪಣಜಿಯ ಮಾಂಡೋವಿ ನದಿಯಲ್ಲಿ ನಿಂತಿರುವ ಕ್ಯಾಸಿನೊ ಹಡಗೊಂದರಲ್ಲಿ ನನ್ನ ಷಡ್ಡಕರು 28,000 ರೂಪಾಯಿ ಕೊಟ್ಟು 20,000 ರೂಪಾಯಿಯ ಚಿಪ್ಸ್, ಅಂದರೆ ಹಣದ ಬದಲು ಪಣಕ್ಕಿಡುವ ಬಿಲ್ಲೆಗಳನ್ನು, ತೆಗೆದುಕೊಂಡರು. ಪೋಕರ್, ಅಂದರೆ ಆಟಗಾರರು ಪರಸ್ಪರ ಪಣ ಕಟ್ಟುವ ಇಸ್ಪೀಟಾಟವನ್ನು, ನಾನು ಆಗಲೇ ಆಡುತ್ತಿದ್ದ ಮೇಜಿಗೆ ಬಂದು ಕುಳಿತು, ಮೂರು ಬಾರಿ ಎಲೆ ನೋಡಿ ಮೂರು ಬಾರಿಯೂ ಎಸೆದರು. ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಸರದಿಯಂತೆ ಇಬ್ಬರು ಕಟ್ಟಬೇಕಾದ ಸಣ್ಣ, ದೊಡ್ಡ ಪಣ, ಕಟ್ಟುವ ಸರದಿ ಅವರಿಗೆ ಬರುವ ಮೊದಲೇ ಇಬ್ಬರು ಆಟಗಾರರು ಎದ್ದು ಹೆಚ್ಚು ಪಣದ ದೊಡ್ಡ ಮೇಜಿಗೆ ಹೋದರು, ಅವರ ಹಿಂದೆಯೇ ಇನ್ನಿಬ್ಬರು ಎದ್ದರು, ಉಳಿದವರು ನಾವಿಬ್ಬರೇ ಆದ್ದರಿಂದ ಎಲೆ ಹಂಚುವ ಡೀಲರ್ ಹುಡುಗಿ ಮೇಜು ಮುಚ್ಚಿದೆ ಎಂದು ಎರಡೂ ಕೈ ತಟ್ಟಿ ಅಂಗೈ ತೋರಿಸಿ ಹೊರಟುಹೋದಳು. ಷಡ್ಡಕರು ಅಷ್ಟೂ ಚಿಪ್ಸನ್ನು ಕ್ಯಾಷ್ ಕೌಂಟರಿಗೆ ಮರಳಿಸಿದಾಗ ಕೈಗೆ ಬಂದದ್ದು 20,000 ರೂಪಾಯಿ. ಹನ್ನೆರಡು ನಿಮಿಷದಲ್ಲಿ, ಒಂದು ರೂಪಾಯಿಯನ್ನೂ ಪಣಕ್ಕಿಡದೆ, ಅವರು 8,000 ರೂಪಾಯಿ ಕಳೆದುಕೊಂಡಿದ್ದರು. ಲೆಕ್ಕದಲ್ಲಿ ತಪ್ಪಾಗಿದೆಯೇನೋ ಎಂದು ಅವರು ಎರಡು ಸಲ ಕೇಳಿದರು, ತಪ್ಪೇನೂ ಆಗಿರಲಿಲ್ಲ.

ನಾವಿಬ್ಬರೂ ದೊಡ್ಡ ಜೂಜುಗಾರರಲ್ಲ. ಧಾರವಾಡದಲ್ಲಿ ನೌಕರಿ ಮಾಡಿಕೊಂಡಿರುವವರು, ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಐದು–ಹತ್ತು ರೂಪಾಯಿಯ ಬ್ಲೈಂಡಿಗೆ ಪೋಕರ್ ಆಡಿ ಮಲಗುತ್ತಿದ್ದವರು. 2025ರ ಆಗಸ್ಟ್ 22ರಂದು ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದು, ಹಣ ಕಟ್ಟಿ ಆಡುವ ಆಟಗಳೆಲ್ಲ ಆ್ಯಪ್‌ಗಳಿಂದ ಮಾಯವಾದಾಗ, ವರ್ಷಕ್ಕೊಮ್ಮೆ ಅನಮೋಡ ಘಾಟು ಇಳಿದು ಗೋವಾದಲ್ಲಿ ಎರಡು ದಿನ ನಿರಾಳವಾಗಿ ಆಡಿ, ಅಲ್ಲೇ ತಂಗಿ ಬರೋಣವೆಂದು ಯೋಚಿಸಿದೆವು. ನಮಗೆ ಬೇಕಾಗಿದ್ದದ್ದು ಕಡಿಮೆ ಬ್ಲೈಂಡಿನ ಒಂದು ಮೇಜು, ಗದ್ದಲವಿಲ್ಲದ ಜಾಗ, ಆಟ ಮುಗಿದ ಮೇಲೆ ಬೀಳಲು ಒಂದು ಅಗ್ಗದ ಹಾಸಿಗೆ, ಇಷ್ಟೇ.

ಹುಬ್ಬಳ್ಳಿಯಲ್ಲಿ ಇಂಥ ಪ್ಯಾಕೇಜುಗಳನ್ನು ಮಾಡಿಕೊಡುವ ಏಜೆಂಟರು ಇದ್ದಾರೆ. ಒಬ್ಬರ ಹತ್ತಿರ ಹೋದೆವು. ತಲೆಗೆ 9,000 ರೂಪಾಯಿಗೆ ಎರಡು ದಿನದ ಹಡಗಿನ ಪ್ರವೇಶ, ಊಟ, ಪಾನೀಯ, 2,000 ರೂಪಾಯಿಯ ಉಚಿತ ಚಿಪ್ಸ್, ಮೇಲಾಗಿ ದೊಡ್ಡ ಹೋಟೆಲಿನಲ್ಲಿ ಎರಡು ರಾತ್ರಿಯ ವಾಸ್ತವ್ಯ. "ನೀವೇನೂ ಚಿಂತಿ ಮಾಡಬ್ಯಾಡ್ರಿ ಸರ, ರೂಮು ಫ್ರೀ ಐತ್ರಿ, ಹೋಟೆಲಿನ್ಯಾಗ ಪೋಕರ್ ಐತ್ರಿ, ಲಿಫ್ಟಿನ್ಯಾಗ ಇಳದು ಆಡೂದ ಅಷ್ಟ" ಎಂದರು. ಮಂಗಳವಾರ ಬಂದು ಗುರುವಾರ ಮರಳಿದರೆ ಮಾತ್ರ ಈ ದರ ಎಂದಾಗ ನಮಗೆ ಅದು ಅನುಕೂಲವಾಗಿಯೇ ಕಂಡಿತು. ವಾರದ ನಡುವೆ ಜನ ಕಡಿಮೆ, ಆದ್ದರಿಂದ ಆಟವೂ ಶಾಂತ ಎಂದು ಭಾವಿಸಿದೆವು. ನಮ್ಮ ಎಲ್ಲ ತಪ್ಪುಗಳ ಮೂಲ ಈ ಒಂದು ಊಹೆಯಲ್ಲಿತ್ತು.

ಮೊದಲ ಪೆಟ್ಟು ಹೋಟೆಲಿನಲ್ಲೇ ಬಿತ್ತು. ಲಿಫ್ಟಿನಲ್ಲಿ ಇಳಿದು ನೋಡಿದರೆ ಅಲ್ಲಿದ್ದದ್ದು ಯಂತ್ರಗಳು: ಪರದೆಯ ಮೇಲೆ ಎಲೆ ಮೂಡಿಸುವ, ಗುಂಡಿ ಒತ್ತಿದರೆ ಹಣ ನುಂಗುವ ಪೆಟ್ಟಿಗೆಗಳ ಸಾಲು. ಅವುಗಳಲ್ಲೊಂದರ ಮೇಲೆ ಪೋಕರ್ ಎಂದು ಬರೆದಿತ್ತು ಎಂಬುದು ನಿಜ, ಆದರೆ ಅದು ಯಂತ್ರದ ವಿರುದ್ಧ ಆಡುವ ಆಟ, ಎದುರಿಗೆ ಮನುಷ್ಯರಿಲ್ಲ. ಇದಕ್ಕೆ ಕಾರಣ ಗೋವಾದ ಕಾನೂನಿನಲ್ಲೇ ಇದೆ. 1976ರ ಸಾರ್ವಜನಿಕ ಜೂಜು ಕಾಯ್ದೆಗೆ 1992ರಲ್ಲಿ ತಂದ ತಿದ್ದುಪಡಿಯು ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಗಳಿಗೆ ಅವಕಾಶ ಕೊಟ್ಟಿತು. ಮೇಜಿನ ಆಟಗಳಿಗೆ 1996ರಲ್ಲಿ ಅನುಮತಿ ಸಿಕ್ಕಿದ್ದು ನೀರಿನ ಮೇಲಿನ ಹಡಗುಗಳಲ್ಲಿ ಮಾತ್ರ. ಹೀಗಾಗಿ ತಂಗುವುದು ದಡದಲ್ಲಿ, ಆಡುವುದು ನದಿಯಲ್ಲಿ. ಹೋಟೆಲಿನಲ್ಲೇ ಪೋಕರ್ ಎಂದು ಯಾರಾದರೂ ಹೇಳಿದರೆ, ಅದು ಯಂತ್ರವೋ ಮೇಜೋ ಎಂದು ಆ ಕ್ಷಣವೇ ಕೇಳಿ. ನಮ್ಮ ಹೋಟೆಲಿನಿಂದ ದೋಣಿ ಹತ್ತುವ ಜೆಟ್ಟಿಗೆ ಟ್ಯಾಕ್ಸಿಯಲ್ಲೇ ಹೋಗಬೇಕಿತ್ತು. ನಡುರಾತ್ರಿ ಮರಳುವಾಗ ಗೋವಾದ ಟ್ಯಾಕ್ಸಿಯವರು ಹೇಳುವ ದರವನ್ನು ಅನುಭವಿಸಿದವರಿಗೆ ನಾನು ವಿವರಿಸಬೇಕಾಗಿಲ್ಲ.

ಸಂಜೆ ನಾಲ್ಕಕ್ಕೆ ಹಡಗು ಹತ್ತಿದೆವು. ಪೋಕರ್ ರೂಮು ಮೇಲಿನ ಅಂತಸ್ತಿನಲ್ಲಿತ್ತು, ಚೊಕ್ಕಟವಾಗಿತ್ತು, ಹಸಿರು ಬಟ್ಟೆ ಹೊದ್ದ ಮೇಜುಗಳು ಸಾಲಾಗಿದ್ದವು, ಮತ್ತು ಒಂದರಲ್ಲೂ ಯಾರೂ ಇರಲಿಲ್ಲ. ಡೆಸ್ಕಿನಲ್ಲಿದ್ದವರು ನಮ್ಮ ಹೆಸರು ಬರೆದುಕೊಂಡು, ಐದು ಜನ ಸೇರಿದ ಮೇಲೆ ಕರೆಯುತ್ತೇವೆ ಎಂದರು. ಐದು ಜನ ಸೇರುವಾಗ ರಾತ್ರಿ ಹತ್ತೂವರೆಯಾಗಿತ್ತು. ಆರೂವರೆ ತಾಸು ನಾವು ಬಫೆಯಲ್ಲಿ ಊಟ ಮಾಡಿದೆವು, ಮತ್ತೆ ಊಟ ಮಾಡಿದೆವು, ಡೆಕ್ಕಿನ ಮೇಲೆ ನಿಂತು ದಡದಲ್ಲಿರುವ ಆದಿಲ್‌ಶಾಹಿ ಅರಮನೆಯ ದೀಪ ನೋಡಿದೆವು. ಉಚಿತ ಚಿಪ್ಸನ್ನಾದರೂ ಪೋಕರಿಗೆ ಬಳಸೋಣವೆಂದರೆ, ಅವು ಒಂದೇ ಸಲ ಪಣಕ್ಕಿಡುವಂಥವು, ಅಂದರ್ ಬಾಹರ್, ರೂಲೆಟ್‌ಗಳಂಥ, ಕ್ಯಾಸಿನೊದವರ ವಿರುದ್ಧವೇ ಆಡುವ ಆಟಗಳಿಗೆ ಮಾತ್ರ ಸಲ್ಲುವಂಥವು, ನಗದಾಗಿ ಬದಲಾಗದಂಥವು. ಹತ್ತು ನಿಮಿಷದಲ್ಲಿ ಅವೂ ಹೋದವು.

ಮೇಜು ಏಕೆ ಕೂರುವುದಿಲ್ಲ, ಅಂದರೆ ಆಟಕ್ಕೆ ಸಾಕಷ್ಟು ಜನ ಏಕೆ ಸೇರುವುದಿಲ್ಲ ಎಂಬುದನ್ನು ನನಗೆ ಬಿಡಿಸಿ ಹೇಳಿದವರು ಪಕ್ಕದಲ್ಲಿ ಕಾಯುತ್ತಿದ್ದ ಪುಣೆಯ ಹಿರಿಯರೊಬ್ಬರು. ಅವರು ಅಮೆರಿಕದ ಲಾಸ್ ವೇಗಸ್‌ನಲ್ಲಿಯೂ ಆಡಿದವರು. ಅಲ್ಲಿ ವಾರದ ನಡುವೆ, ಹಗಲು ಹೊತ್ತಿನಲ್ಲಿ ಸಣ್ಣ ಮೇಜುಗಳನ್ನು ತುಂಬಿಸುವವರು ಊರಿನವರೇ, ನಿವೃತ್ತರು, ಪಾಳಿ ಮುಗಿಸಿ ಬಂದ ನೌಕರರು. ಗೋವಾದಲ್ಲಿ 2020ರ ಫೆಬ್ರವರಿ 1ರಿಂದ ಗೋವಾದವರಿಗೇ ಕ್ಯಾಸಿನೊದ ಆಟದ ಜಾಗಕ್ಕೆ ಪ್ರವೇಶವಿಲ್ಲ. ಬರುವವರೆಲ್ಲ ಹೊರಗಿನವರು, ಅವರು ಬರುವುದು ಶುಕ್ರವಾರದಿಂದ ಭಾನುವಾರದ ತನಕ. ಊರಿನವರು ಸೇರಿ ಆಡುವ ಆ ನಿಧಾನದ, ಹರಟೆಯ ಸಣ್ಣ ಮೇಜು ಇಲ್ಲಿ ಹುಟ್ಟುವುದಕ್ಕೆ ಜಾಗವೇ ಇಲ್ಲ. ಕೋಣೆ ಅಗ್ಗವಾಗಿರುವ ದಿನ ಮೇಜು ಕೂರುವುದಿಲ್ಲ, ಮೇಜು ಕೂರುವ ದಿನ ಕೋಣೆ ಅಗ್ಗವಾಗಿರುವುದಿಲ್ಲ. ಏಜೆಂಟರು ನಮಗೆ ಮಾರಿದ್ದು ಈ ಎರಡರಲ್ಲಿ ಮೊದಲನೆಯದನ್ನು.

ಇನ್ನು ತೆರಿಗೆಯ ಸಂಗತಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಳೆಯ ಪ್ರವಾಸಿಗರ ಮಾತು ಕೇಳಿ ಹೋದವರು ಇಲ್ಲೇ ಎಡವುತ್ತಾರೆ. ಕ್ಯಾಸಿನೊದಲ್ಲಿ ಚಿಪ್ಸ್ ಕೊಳ್ಳಲು ಕೊಡುವ ಪೂರ್ತಿ ಹಣದ ಮೇಲೆ ಜಿಎಸ್‌ಟಿ ಬೀಳುವ ಪದ್ಧತಿ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಆಗ ದರ ಶೇ. 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40 ಆಗಿದೆ. ನೀವು ಗೆದ್ದಿರೋ ಸೋತಿರೋ ಎಂಬುದು ಇದಕ್ಕೆ ಸಂಬಂಧವೇ ಇಲ್ಲ. ಕೌಂಟರಿನಲ್ಲಿ ಚಿಪ್ಸ್ ಕೊಂಡ ಗಳಿಗೆಯಲ್ಲಿ ತೆರಿಗೆ ಮುಗಿಯಿತು, ಮುಟ್ಟದ ಚಿಪ್ಸನ್ನು ಮರಳಿಸಿದರೂ ಆ ತೆರಿಗೆ ಮರಳುವುದಿಲ್ಲ. ಆದರೆ ಅದೇ ನಿಯಮದಲ್ಲಿ ಆಟಗಾರನಿಗೆ ಅನುಕೂಲವಾದ ಒಂದು ಮಾತೂ ಇದೆ: ಗೆದ್ದ ಹಣವನ್ನು ಹೊರಗೆ ತೆಗೆಯದೆ ಅದರಿಂದಲೇ ಮತ್ತೆ ಆಡಿದರೆ ಅದರ ಮೇಲೆ ಇನ್ನೊಮ್ಮೆ ತೆರಿಗೆ ಇಲ್ಲ. ಆ ಮಂಗಳವಾರ ನಾನೂ 28,000 ಕೊಟ್ಟು 20,000ದ ಚಿಪ್ಸ್ ಕೊಂಡಿದ್ದೆ. ಒಂದೂವರೆ ತಾಸು ಆಡಿ ಕೆಲವು ಸಾವಿರ ಸೋತಿದ್ದೆ. ಮೇಜು ಮುಚ್ಚಿದಾಗ ಕೌಂಟರಿನ ಸರದಿಯಲ್ಲಿ ನಿಲ್ಲಲು ಬೇಸರವಾಗಿ ಉಳಿದ ಚಿಪ್ಸನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದೆ, ಯಾರೂ ತಡೆಯಲಿಲ್ಲ. ಮರುದಿನ ಅವುಗಳಿಂದಲೇ ಆಡಿದೆ. ಶಿಸ್ತಿನಿಂದ ಚಿಪ್ಸ್ ಮರಳಿಸಿದ್ದ ಷಡ್ಡಕರು ಬುಧವಾರ ಮತ್ತೆ 28,000 ಕೊಟ್ಟರು. ನನ್ನ ಸೋಮಾರಿತನ ಉಳಿಸಿಕೊಟ್ಟ ಹಣವನ್ನು ಅವರ ಶಿಸ್ತು ಕಳೆಯಿತು ಎಂಬುದನ್ನು ಅವರ ಮನೆಯವರಿಗೆ ವಿವರಿಸುವುದು ಇಂದಿಗೂ ನಮಗೆ ಸಾಧ್ಯವಾಗಿಲ್ಲ. ಚಿಪ್ಸ್ ಹೊರಗೆ ಒಯ್ಯಲು ಬಿಡುತ್ತಾರೆಯೇ ಎಂಬುದನ್ನು ಮಾತ್ರ ಮೊದಲೇ ಕೇಳಿಕೊಳ್ಳಿ. ಎಲ್ಲ ಹಡಗಿನವರೂ ಒಂದೇ ರೀತಿ ಇರುತ್ತಾರೆಂದು ನಾನು ಹೇಳಲಾರೆ.

ಪೋಕರಿನಲ್ಲಿ ಕ್ಯಾಸಿನೊದವರು ನಮ್ಮ ವಿರುದ್ಧ ಆಡುವುದಿಲ್ಲ, ಪ್ರತಿ ಪಾಟ್‌ನಿಂದ, ಅಂದರೆ ಒಂದು ಆಟದಲ್ಲಿ ಸೇರಿದ ಪಣದ ರಾಶಿಯಿಂದ, ರೇಕ್ ಎಂಬ ತಮ್ಮ ಪಾಲನ್ನು ತೆಗೆಯುತ್ತಾರೆ. ಅಲ್ಲಿ ಅದು ಶೇ. 5 ಇತ್ತು, ಮೇಲ್ಮಿತಿ 1,500 ರೂಪಾಯಿ. ಆ ಮೇಲ್ಮಿತಿಯನ್ನು ಬರೆದಿದ್ದ ಅಂಗೈಯಗಲದ ಕಾರ್ಡು ಡೆಸ್ಕಿನ ಮೇಲಿನ ನೀರಿನ ಬಾಟಲಿಗಳ ಹಿಂದೆ ನಿಂತಿತ್ತು. 100–200 ಬ್ಲೈಂಡಿನ ಆ ಮೇಜಿನಲ್ಲಿ ನಾನು ಒಂದು ತಾಸು ಎಣಿಸಿದೆ: ರೇಕ್ ತೆಗೆದ ಪಾಟ್‌ಗಳು ಇಪ್ಪತ್ತು, ಸರಾಸರಿ ರೇಕ್ ಸುಮಾರು 300 ರೂಪಾಯಿ. ಎಂದರೆ ತಾಸಿಗೆ 6,000 ರೂಪಾಯಿ ಮೇಜಿನಿಂದ ಡಬ್ಬಿಗೆ ಇಳಿಯುತ್ತಿತ್ತು, ಕುಳಿತಿದ್ದ ಐವರಲ್ಲಿ ಹಂಚಿದರೆ ತಲೆಗೆ 1,200. ಎಂಟು–ಒಂಬತ್ತು ಜನರಿರುವ ಮೇಜಿನಲ್ಲಿ ಈ ಹೊರೆ ಹಗುರವಾಗುತ್ತದೆ. ಕಡಿಮೆ ಜನರ ಶಾಂತ ಮೇಜೇ ಹೆಚ್ಚು ದುಬಾರಿ. ಎದುರಾಳಿಗಳೂ ನಾವು ಬಯಸಿದಂಥ ಹವ್ಯಾಸಿಗಳಾಗಿರಲಿಲ್ಲ. ಆ ಐವರಲ್ಲಿ ಇಬ್ಬರು, ಆನ್‌ಲೈನ್ ನಿಂತ ಮೇಲೆ ಹೊಟ್ಟೆಪಾಡಿಗಾಗಿ ಹಡಗಿಗೆ ಬರುತ್ತಿರುವುದಾಗಿ ತಾವೇ ನಗುತ್ತ ಹೇಳಿದರು. ಬುಧವಾರ ರಾತ್ರಿ ಮೇಜು ಕೂತ ಅರ್ಧ ತಾಸಿನಲ್ಲೇ ಅವರೇ ಮತ ಹಾಕಿಸಿ, ಕೈಗೆ ಎರಡೆಲೆ ಬರುವ ಟೆಕ್ಸಾಸ್ ಹೋಲ್ಡೆಮ್ ಎಂಬ ಪೋಕರ್ ಬಿಟ್ಟು ನಾಲ್ಕೆಲೆಯ ಒಮಾಹಾ ಶುರುಮಾಡಿದರು. ಒಮಾಹಾದಲ್ಲಿ ಪಾಟ್ ಬೇಗ ಊದುತ್ತದೆ, ಕಲಿಯದವನ ಚಿಪ್ಸ್ ಅದಕ್ಕಿಂತ ಬೇಗ ಕರಗುತ್ತದೆ. ಬೇಡವೆನ್ನಬಹುದಿತ್ತು, ಎದ್ದರೆ ಮೇಜು ಒಡೆಯುತ್ತದೆಂಬ ಹೆದರಿಕೆಯಿಂದ ಒಪ್ಪಿದೆವು.

ಗುರುವಾರ ಬೆಳಿಗ್ಗೆ ಹೋಟೆಲಿನವರು ಬಿಲ್ಲು ಮುಂದಿಟ್ಟರು: ಎರಡು ರಾತ್ರಿಗೆ 13,000, ಅದರ ಮೇಲೆ ಶೇ. 5 ತೆರಿಗೆ, ಒಟ್ಟು 13,650 ರೂಪಾಯಿ. ಕೋಣೆ ಉಚಿತವಲ್ಲವೇ ಎಂದು ಕೇಳಿದಾಗ, ದಿನಕ್ಕೆ ನಾಲ್ಕು ತಾಸು ಆಡಿದವರಿಗೆ ಮಾತ್ರ ಎಂದರು. ಬುಧವಾರ ನಾಲ್ಕು ತಾಸಿಗೂ ಮೀರಿ ಆಡಿದ್ದೇವೆ ಎಂದೆವು. ಪೋಕರ್ ಲೆಕ್ಕಕ್ಕಿಲ್ಲ ಎಂದರು. ಇದು ಮೋಸವೆಂದು ಆಗ ಕೂಗಾಡಿದೆನಾದರೂ, ಸಮಾಧಾನವಾಗಿ ಯೋಚಿಸಿದರೆ ಅದರ ಹಿಂದಿನ ತರ್ಕ ತಿಳಿಯುತ್ತದೆ. ಕ್ಯಾಸಿನೊದವರಿಗೆ ಲಾಭ ತರುವವನು ಅವರ ವಿರುದ್ಧ ಆಡಿ ಸೋಲುವವನು. ಪೋಕರ್ ಆಟಗಾರ ಬರೀ ರೇಕ್ ಕೊಡುವವನು, ಅವನಿಗೆ ಕೋಣೆ ಬಿಟ್ಟಿ ಕೊಟ್ಟು ಅವರಿಗೆ ಗಿಟ್ಟುವುದಿಲ್ಲ. ತರ್ಕ ಸರಿಯಿರಬಹುದು, ಆದರೆ ಅದನ್ನು ಹಣ ತೆಗೆದುಕೊಳ್ಳುವ ಮೊದಲು ಹೇಳಬೇಕಿತ್ತು. ಏಜೆಂಟರಿಗೆ ಫೋನು ಹಚ್ಚಿದರೆ, "ಅದು ಕಾಮನ್ ರೂಲ್ ಐತ್ರಿ ಸರ" ಎಂದರು. ನಮ್ಮ ಬಳಿ ಇದ್ದದ್ದು ಅವರ ವಾಟ್ಸ್‌ಆ್ಯಪ್ ಸಂದೇಶ ಮಾತ್ರ, ಅದರಲ್ಲಿ ಷರತ್ತಿನ ಸುದ್ದಿಯೇ ಇರಲಿಲ್ಲ, ಹೋಟೆಲಿನ ಹೆಸರಿನಲ್ಲಿ ಬಂದ ಕಾಗದ ಒಂದೂ ಇರಲಿಲ್ಲ.

ಊರಿಗೆ ಬಂದು ಲೆಕ್ಕ ಬರೆದೆ. ಎರಡು ರಾತ್ರಿಯ ಎಲೆಯಾಟದಲ್ಲಿ ನಾನು ಸೋತದ್ದು 8,800 ರೂಪಾಯಿ. ಪ್ಯಾಕೇಜು, ಚಿಪ್ಸಿನ ತೆರಿಗೆ, ಕೋಣೆಯ ನನ್ನ ಪಾಲು ಸೇರಿ 23,825 ರೂಪಾಯಿ. ಟ್ಯಾಕ್ಸಿಯನ್ನು ನಾನು ಬರೆದಿಲ್ಲ.

ಗೆದ್ದಿದ್ದರೆ ಸರಿಯಾಗುತ್ತಿತ್ತು ಎನ್ನುವವರಿಗೆ ಒಂದು ಮಾತು. ನಾವು ಹೋದಾಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಇಸ್ಪೀಟಿನ ಗೆಲುವಿಗೆ ಶೇ. 30ರ ನೇರ ತೆರಿಗೆ, ಅದರ ಮೇಲೆ ಸೆಸ್. ಬಹುಮಾನ 10,000 ರೂಪಾಯಿ ಮೀರಿದರೆ ಕೊಡುವವರೇ ಕಡಿದುಕೊಂಡು ಕೊಡಬೇಕು. ಹೋದ ಖರ್ಚನ್ನೂ ಹಿಂದಿನ ಸೋಲನ್ನೂ ಆ ಗೆಲುವಿನಿಂದ ಕಳೆಯಲು ಬರುವುದಿಲ್ಲ. ಟೂರ್ನಮೆಂಟ್ ಆಡುವ ಆಸೆಯಿಂದ ಹೋಗುವವರು ಬಹುಮಾನದ ಪಟ್ಟಿಯನ್ನು ಈ ಕಣ್ಣಿನಿಂದಲೇ ಓದಬೇಕು.

ಇಷ್ಟಾದರೂ ಆಡುವ ಆಸೆ ಹೋಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಜನವರಿಯಲ್ಲಿ ಏಜೆಂಟರನ್ನು ಬಿಟ್ಟು, ಬೇರೊಂದು ಹಡಗಿನ ಪೋಕರ್ ರೂಮಿನ ಡೆಸ್ಕಿಗೇ ನೇರವಾಗಿ ಫೋನು ಮಾಡಿದೆ. ಹೋದ ವಾರ ಅತಿ ಕಡಿಮೆ ಬ್ಲೈಂಡಿನ ಮೇಜು ಯಾವ ಯಾವ ದಿನ, ಎಷ್ಟು ಗಂಟೆಗೆ ಕೂತಿತ್ತು ಎಂದು ಕೇಳಿದೆ. ಎಷ್ಟಕ್ಕೆ ಆಡಿಸುತ್ತೀರಿ ಎಂದು ಕೇಳಿದರೆ ದರಪಟ್ಟಿ ಓದುತ್ತಾರೆ. ಹೋದ ವಾರ ಏನು ನಡೆಯಿತು ಎಂದು ಕೇಳಿದರೆ ನೆನಪಿಸಿಕೊಂಡು ಹೇಳಬೇಕಾಗುತ್ತದೆ. ಆ ಹುಡುಗ ಒಂದು ಗಳಿಗೆ ಸುಮ್ಮನಿದ್ದು, ಸೋಮವಾರದಿಂದ ಗುರುವಾರದ ತನಕ 100–200ರ ಮೇಜು ಒಂದು ದಿನವೂ ಕೂರಲಿಲ್ಲ, ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಒಂದು ಕೂತಿತು, ಕಾಯುವವರ ಪಟ್ಟಿಯಲ್ಲಿ ಹದಿನಾಲ್ಕು ಜನರಿದ್ದರು ಎಂದ. ಶುಕ್ರವಾರದ ಕೋಣೆಯ ಬಾಡಿಗೆಯನ್ನು ನೋಡಿದೆ, ಷಡ್ಡಕರಿಗೆ ತೋರಿಸಿದೆ. ಬಸ್ಸಿನ ಟಿಕೆಟ್ ತೆಗೆಸಲಿಲ್ಲ.