ಬಿಒಡಿ ಇನ್‌ಕ್ಯುಬೇಟರ್: ಹಣ್ಣಿನ ನೊಣದ ಕಣ್ಣು ಕೊಟ್ಟ ಅಂಕ

ನಮ್ಮ ಧಾರವಾಡದ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಒಂದೇ ಮಾದರಿಯ ಎರಡು ಬಿಒಡಿ ಇನ್‌ಕ್ಯುಬೇಟರ್‌ಗಳು, ಅಂದರೆ ಒಳಗಿನ ತಾಪಮಾನವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಪೆಟ್ಟಿಗೆಗಳು, ಹಲವು ಬೇಸಿಗೆ ಕಂಡಿವೆ. ಒಂದು 25 ಡಿಗ್ರಿಯಲ್ಲಿ, ಇನ್ನೊಂದು 18ರಲ್ಲಿ. ಅವುಗಳ ತಾಪಮಾನವನ್ನು ನಾನು ಅಳೆಯುವುದು ಮುಖ್ಯವಾಗಿ ನೊಣದ ಕಣ್ಣಿನಿಂದ.

ನಾವು ಸಾಕುವ ಹಣ್ಣಿನ ನೊಣದ ತಳಿ ವೈಟ್-ಮಾಟಲ್ಡ್-4. ಕೆಂಪು ಬಣ್ಣಕ್ಕೆ ಬೇಕಾದ ಜೀನ್ ಇದರಲ್ಲಿ ಕೆಟ್ಟಿಲ್ಲ. ಎಕ್ಸ್ ವರ್ಣತಂತುವಿನ ಒಂದು ತುಂಡು ತಿರುಗಿ ಕೂತಿರುವುದರಿಂದ ಆ ಜೀನ್ ಹೆಟೆರೊಕ್ರೊಮ್ಯಾಟಿನ್ ಎಂಬ ಬಿಗಿ ಭಾಗದ ಪಕ್ಕಕ್ಕೆ ಬಂದಿದೆ. ಬಿಗಿತ ಹರಡಿದ ಜೀವಕೋಶದಲ್ಲಿ ಜೀನ್ ಮುಚ್ಚಿಹೋಗುತ್ತದೆ. ಕೋಶ ವಿಭಜನೆಯಾದರೂ ಆ ಸ್ಥಿತಿ ದಾಟಿ ಬರುವುದರಿಂದ ಕಣ್ಣಿನಲ್ಲಿ ಕೆಂಪು, ಬಿಳಿ ತೇಪೆಗಳು ಮೂಡುತ್ತವೆ. ಇಂಥ ನೊಣಗಳನ್ನು ತಳಿವಿಜ್ಞಾನಿ ಎಚ್. ಜೆ. ಮುಲ್ಲರ್ 1930ರಲ್ಲೇ ವರ್ಣಿಸಿದ್ದರು. ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನುಗಳಲ್ಲೊಂದಾದ ಹಿಸ್ಟೋನ್ ಎಚ್3ಕ್ಕೆ ಮೀಥೈಲ್ ಎಂಬ ರಾಸಾಯನಿಕ ಗುರುತು ಹಾಕುವ ಕಿಣ್ವ, ಆ ಗುರುತನ್ನು ಹಿಡಿಯುವ ಎಚ್‌ಪಿ1 ಪ್ರೋಟೀನ್ ಇವೆರಡೂ ಈ ಮುಚ್ಚುವಿಕೆಗೆ ಬೇಕು. ಇವುಗಳ ಜೀನಿನ ಒಂದು ಪ್ರತಿ ಕೆಟ್ಟರೂ ಸಾಕು, ಕಣ್ಣು ಕೆಂಪೇರುತ್ತದೆ.

ತೊಡಕು ಇರುವುದು ಇಲ್ಲೇ. ಬೆಚ್ಚಗಾದರೂ ಕಣ್ಣು ಕೆಂಪೇರುತ್ತದೆ, ತಂಪಾದರೆ ಬಿಳಿ ಹೆಚ್ಚುತ್ತದೆ. ಹಾಗಾದರೆ ಸೀಸೆಯಲ್ಲಿ ಕಂಡ ಕೆಂಪು ಜೀನಿನದೋ, ಯಂತ್ರದ್ದೋ?

18ರ ಯಂತ್ರದಲ್ಲಿ ಕೆಳಗಿನ ಹಲಗೆ ಸ್ಥಿರ. ಮೇಲಿನದು, ದೀಪದ ಹತ್ತಿರದ್ದು, ಫಲಕ 18 ತೋರಿಸುತ್ತಿದ್ದಾಗಲೂ ಬೆಚ್ಚಗಿರುತ್ತದೆ. ಅಲ್ಲಿಂದ ಬಂದ ನೊಣಗಳಲ್ಲಿ ಕೆಂಪು ತೇಪೆ ಎದ್ದು ಕಾಣುವಷ್ಟು ದೊಡ್ಡದು. ಆದ್ದರಿಂದ ಹೋಲಿಸಬೇಕಾದ ಸೀಸೆಗಳನ್ನೆಲ್ಲ ಒಂದೇ ಹಲಗೆಯಲ್ಲಿಡುತ್ತೇವೆ. ಕರೆಂಟ್ ಹೋಗಿ ಬಂದಾಗ ಯಂತ್ರ ಮೊದಲು ಹೊಂದಿಸಿಟ್ಟ ತಾಪಮಾನಕ್ಕೆ ತಾನೇ ಮರಳುತ್ತದೆ, ಇದು ನನಗೆ ತುಂಬ ಮೆಚ್ಚುಗೆಯಾದ ಗುಣ. 25ರಲ್ಲಿ ಸುಮಾರು 10 ದಿನಕ್ಕೆ ಮುಗಿಯುವ ಪೀಳಿಗೆ 18ರಲ್ಲಿ ಹೆಚ್ಚುಕಡಿಮೆ ಇಮ್ಮಡಿ ಸಮಯ ಹಿಡಿಯುತ್ತದೆ. ಅಷ್ಟು ದಿನದ ಕೆಲಸ ಒಂದು ರಾತ್ರಿಯಲ್ಲಿ ಹಾಳಾಗಬಾರದು. ಮೇ ತಿಂಗಳಿನಲ್ಲಿ ಒಳಗೆ ನೀರಿನ ಬಾಟಲಿಗಳನ್ನಿಡಿ, ತಂಪು ಕೆಲಹೊತ್ತು ನಿಲ್ಲುತ್ತದೆ. ಒಂದು ಅಗಲ ತಟ್ಟೆಯಲ್ಲಿ ನೀರನ್ನೂ ಇಡಿ. ಇಲ್ಲವಾದರೆ ರವೆ, ಬೆಲ್ಲ, ಅಗರ್‌ನ ಆಹಾರ ಒಣಗಿ ಗಾಜಿನಿಂದ ಬಿಟ್ಟುಕೊಳ್ಳುತ್ತದೆ, ಆ ಸಂದಿಯಲ್ಲಿ ಮರಿಹುಳುಗಳು ಸಾಯುತ್ತವೆ.

ಬಾಗಿಲಿನ ರಬ್ಬರ್ ಪಟ್ಟಿ ಬೇಗ ಬಿರಿಯಿತು. ಕಂಪನಿಯವರು ಸ್ಪಂದಿಸಲೇ ಇಲ್ಲ. ಹುಬ್ಬಳ್ಳಿಯಿಂದ ಬಂದ ಫ್ರಿಜ್ ರಿಪೇರಿಯವರೊಬ್ಬರು ಅಳತೆ ತೆಗೆದುಕೊಂಡು ಹೊಸದು ಹಾಕಿಕೊಟ್ಟರು, ಅದು ಇಂದಿಗೂ ಗಟ್ಟಿಯಾಗಿದೆ.

ತಳಿ ಕಾಪಾಡಲಷ್ಟೇ ಆದರೆ ಧಾರಾಳವಾಗಿ ಕೊಳ್ಳಿ. ಕಣ್ಣಿನ ಬಣ್ಣ ಅಳೆಯುವವರು ಸ್ಟೆಬಿಲೈಜರ್ ಮತ್ತು ಹಲಗೆಗೊಂದು ಥರ್ಮಾಮೀಟರಿನ ಖರ್ಚನ್ನೂ ಕೊಟೇಶನ್‌ಗೆ ಸೇರಿಸಿಯೇ ಮಂಜೂರಾತಿ ಕೇಳಿ.