ಕಿನ್ನಾಳದ ಗರುಡ: ಮೊದಲು ಎತ್ತಿ ನೋಡಿ, ಆಮೇಲೆ ಕಲೆಯೋ ಕಸುಬೋ ಅನ್ನಿ

ಕೊಪ್ಪಳದ ಪಕ್ಕದ ಕಿನ್ನಾಳದ ಗೊಂಬೆ ಕೊಳ್ಳುವಾಗ ಕಣ್ಣನ್ನಷ್ಟೇ ನಂಬಬೇಡಿ. ಅಚ್ಚಿನಲ್ಲಿ ಎರೆದ ರೆಸಿನ್ ಗರುಡನೂ ಎರಡು ಮಾರು ದೂರದಿಂದ ಹಾಗೇ ಮಿಂಚುತ್ತಾನೆ. ಕೈಗೆತ್ತಿಕೊಳ್ಳಿ. ಅಸಲಿ ಗೊಂಬೆ ಕೆತ್ತುವ ಪೊಳಕಿ ಕಟ್ಟಿಗೆ ಬಲು ಹಗುರ. ಗಾತ್ರ ನೋಡಿ ಅಂದಾಜಿಸಿದ್ದಕ್ಕಿಂತ ತೂಕ ಕಡಿಮೆ ಬರಬೇಕು. ಭಾರವಾಗಿ ತಣ್ಣಗಿದ್ದರೆ ಅಲ್ಲೇ ಇಟ್ಟುಬಿಡಿ.

ಗರುಡನದು 12 ಬಿಡಿಭಾಗ, ಪೀಠದ ಗಣಪನದು 22. ಚಿತ್ರಗಾರರು ಇವನ್ನು ಜೋಡಿಸಿ, ಮರದ ಹೊಟ್ಟಿನ ಸರಿ, ಅಂದರೆ 'ಕಿಟ್ಟ', ಮೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಬಟ್ಟೆ ಚೂರುಗಳನ್ನು ಅಂಟಿಸುತ್ತಾರೆ. ಅದರ ಮೇಲೆ ಕಲ್ಲುಪುಡಿಯ ಲೇಪ, ಬಣ್ಣ ಆಮೇಲೆ. ಒಡವೆಗಳ ಉಬ್ಬುಗೆರೆ ಕಲ್ಲುಪುಡಿ-ಅಂಟಿನ ಸರಿಯದ್ದು. ಬಟ್ಟೆ ಪದರ ತಪ್ಪಿಸಿದರೆ ಅಥವಾ ಲೇಪ ಒಣಗುವ ಮೊದಲೇ ಬಣ್ಣ ಹಚ್ಚಿದರೆ ಬಿರುಕು ಕೀಲಿನಲ್ಲೇ ಶುರು: ರೆಕ್ಕೆ ಹೆಗಲಿಗೆ ಕೂಡುವ ಕಡೆ ಉಗುರಾಡಿಸಿ ನೋಡಿ. ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ, ಹುಣಸೆ ಅಂಟು ನೀರಿಗೆ ಮೆತ್ತಗಾಗುತ್ತದೆ. ಇಲಿಗೂ ಅದು ರುಚಿ!

ಇಷ್ಟಾದರೂ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಜಿಐ (ಭೌಗೋಳಿಕ ಸೂಚಕ) ಪಟ್ಟಿಯಲ್ಲಿ ಇದು 'ಕರಕುಶಲ ವಸ್ತು'. 1938ರಲ್ಲಿ ಇಂಗ್ಲಿಷ್ ತತ್ವಜ್ಞಾನಿ ಕಾಲಿಂಗ್‌ವುಡ್ ಕಲೆಗೂ ಕಸುಬಿಗೂ ನಡುವೆ ಎಳೆದ ಗೆರೆ ಇದೇ: ಏನು ಮಾಡಬೇಕೆಂದು ಮೊದಲೇ ಗೊತ್ತಿದ್ದು ಮಾಡುವುದು ಕಸುಬು, ಮಾಡುತ್ತಾ ಕಂಡುಕೊಳ್ಳುವುದು ಕಲೆ. ಗರುಡನ ಮೂಗು ಹೇಗಿರಬೇಕೆಂಬುದು ತಲೆಮಾರುಗಳ ಹಿಂದೆಯೇ ನಿಶ್ಚಯವಾಗಿದೆ, ಹಾಗಾಗಿ ಕಸುಬು. ಆದರೆ ಒಂದೇ ವಸ್ತು ಎರಡೂ ಆಗಬಹುದೆಂದು ಅವನೇ ಒಪ್ಪಿದ್ದ; ಆ ಮಾತನ್ನು ಯಾರೂ ನೆನೆಯುವುದಿಲ್ಲ.

ಅಮೆರಿಕದ ತತ್ವಜ್ಞಾನಿ ಜಾರ್ಜ್ ಡಿಕಿಯ ವಾದದಲ್ಲಿ ಕಲಾಲೋಕ, ಅಂದರೆ ಕಲಾವಿದರು, ಗ್ಯಾಲರಿಗಳು, ವಿಮರ್ಶಕರ ವಲಯ, ಎತ್ತಿ ತೋರಿಸಿದ್ದೇ ಕಲೆ. ಅದನ್ನು ಒಪ್ಪಿದರೆ ಗ್ಯಾಲರಿಯ ಗಾಜಿನೊಳಗಿನ ಗರುಡ ಕಲೆ, ಜಾತ್ರೆಯ ಅಂಗಡಿಯಲ್ಲಿರುವ ಅದರ ಅವಳಿ ಬರೀ ಸರಕು. ಇದು ಸೋಮಾರಿ ಉತ್ತರ. ಅಮೆರಿಕದ ಇನ್ನೊಬ್ಬ ತತ್ವಜ್ಞಾನಿ ಡಾಂಟೋ ಚುರುಕು. 1964ರಲ್ಲಿ ಕಲಾವಿದ ಆಂಡಿ ವಾರ್ಹಾಲ್ ಪ್ಲೈವುಡ್ಡಿನಲ್ಲಿ ಮಾಡಿಸಿದ ಬ್ರಿಲ್ಲೋ (ಪಾತ್ರೆ ತಿಕ್ಕುವ ಸೋಪ್ ಪ್ಯಾಡ್) ಪೆಟ್ಟಿಗೆಗಳು ಅಂಗಡಿಯ ರಟ್ಟಿನ ಪೆಟ್ಟಿಗೆಯಂತೆಯೇ ಕಂಡವು. ವ್ಯತ್ಯಾಸ ಕಣ್ಣಿಗೆ ಸಿಗುವಂಥದ್ದಲ್ಲ, ಅದರ ಹಿಂದಿನ ಇತಿಹಾಸ ಮತ್ತು ವಿಚಾರದಲ್ಲಿದೆ ಎಂದ. ರೆಸಿನ್ ಗರುಡನಿಗೆ ಈ ಮಾತು ನೇರ ತಗಲುತ್ತದೆ. ಕಿನ್ನಾಳದಲ್ಲಿ ಮಾತ್ರ ಆ ಇತಿಹಾಸ ಅಂಗೈಗೇ ಸಿಗುತ್ತದೆ, ತೂಕವಾಗಿ.

ಎರಡು ಗರುಡಗಳನ್ನು ಅಕ್ಕಪಕ್ಕ ಇಟ್ಟು ಎದೆಯ ಹಾರ ಹೋಲಿಸಿ. ಕೈಯಿಂದ ಎಳೆದ ಉಬ್ಬುಗೆರೆ ಒಂದೆಡೆ ದಪ್ಪ, ಇನ್ನೊಂದೆಡೆ ತೆಳು. ಎರಡೂ ಒಂದೇ ಅಚ್ಚಿನಂತಿದ್ದರೆ ಅನುಮಾನಪಡಿ. ಮೂಗು ಸಂಪ್ರದಾಯದ್ದು, ಆ ಗೆರೆ ಆ ಕೈಯದ್ದು. ದುಡ್ಡು ಕೊಡುವುದಾದರೆ ಆ ಗೆರೆ ಚೆನ್ನಾಗಿರುವುದಕ್ಕೆ ಕೊಡಿ, ಥಳಕು ಬಣ್ಣಕ್ಕಲ್ಲ.