ಮನೆಯೊಳಗೆ 4ಕೆ ವಿಡಿಯೋ: ನ್ಯಾಸ್ ಪೆಟ್ಟಿಗೆ, ಜೆಲ್ಲಿಫಿನ್ ಮತ್ತು ನಾಪೋಕ್ಲು ಕಡೆಯ ಮಳೆ

ನಮ್ಮ ಮನೆಯಲ್ಲಿ ಎರಡು ಹಾರ್ಡ್ ಡಿಸ್ಕ್ ಕೂರುವ ಒಂದು ನ್ಯಾಸ್ ಇದೆ. ಮನೆಯ ರೂಟರಿಗೆ ಸಿಕ್ಕಿಸಿ ಎಲ್ಲ ಕೋಣೆಯವರೂ ಬಳಸುವ ಡಿಸ್ಕ್ ಪೆಟ್ಟಿಗೆ ಅಂದುಕೊಳ್ಳಿ. ಅದರಲ್ಲಿರುವ ವಿಡಿಯೋಗಳನ್ನು ಟಿವಿಗೆ ಕಳಿಸುವ ಜೆಲ್ಲಿಫಿನ್ ಎಂಬ ತಂತ್ರಾಂಶ ಹಾಕಿದ್ದೇವೆ, ಹಾಲ್‌ನಲ್ಲಿ ಆಂಡ್ರಾಯ್ಡ್ ಟಿವಿ. ಹಲವು ಮಳೆಗಾಲ ದಾಟಿದೆ, ಇನ್ನೂ ದಿನಾ ಓಡುತ್ತಿದೆ. ತಂದ ಮೊದಲ ವಾರದಲ್ಲಿ ಯಾವ ಪೆಟ್ಟಿಗೆಯಾದರೂ ಚೆನ್ನಾಗೇ ಓಡುತ್ತದೆ. ಹಾಗಾಗಿ ಅವಸರ ಮಾಡದೆ ಈಗ ಬರೆಯುತ್ತಿದ್ದೇನೆ.

ಯಾಕೆ ಬೇಕಿತ್ತು ಅಂದರೆ, ಕೊಡಗಿನ ನಮ್ಮ ನಾಪೋಕ್ಲು ಕಡೆ ಜೂನ್ ಬಂತೆಂದರೆ ಎಲ್ಲೋ ಒಂದು ಮರ ಬಿದ್ದು ಫೈಬರ್ ಲೈನ್ ತುಂಡಾಗುತ್ತದೆ. ಲೈನ್‌ಮನ್ ಬರೋವರೆಗೆ ನೆಟ್ ಇಲ್ಲ. ಓಟಿಟಿ ದುಡ್ಡು ಮಾತ್ರ ತಿಂಗಳು ತಿಂಗಳು ಕಟ್ ಆಗುತ್ತಿರುತ್ತದೆ. ಮನೆಯೊಳಗಿನ ನೆಟ್‌ವರ್ಕಿಗೆ ಹೊರಗಿನ ನೆಟ್ಟಿನ ಹಂಗಿಲ್ಲ. ಇನ್ವರ್ಟರ್ ಮೇಲೆ ರೂಟರ್, ನ್ಯಾಸ್, ಟಿವಿ ಮೂರೂ ಇದ್ದರೆ ಸಾಕು. ಜೆಲ್ಲಿಫಿನ್ ನನಗೆ ಹಿಡಿಸಿದ್ದೂ ಇದೇ ಕಾರಣಕ್ಕೆ. 2018ರಲ್ಲಿ ಎಂಬಿ (Emby) ಎಂಬ ಇಂಥದ್ದೇ ತಂತ್ರಾಂಶದಿಂದ ಕವಲೊಡೆದು ಬಂದ ಉಚಿತ, ಮುಕ್ತ ತಂತ್ರಾಂಶ ಇದು. ಲಾಗಿನ್ ಆಗಲು ಹೊರಗಿನ ಯಾವ ಖಾತೆಯೂ ಬೇಡ, ಬಳಕೆದಾರರ ಪಟ್ಟಿ ನಮ್ಮ ಪೆಟ್ಟಿಗೆಯಲ್ಲೇ ಇರುತ್ತದೆ.

ಮಾಮೂಲಿ ಸಿನಿಮಾ ಫೈಲುಗಳಿಗೆ ಯಾವತ್ತೂ ತೊಂದರೆ ಇರಲಿಲ್ಲ. ನಿಜವಾದ ಪರೀಕ್ಷೆ ಬಂದದ್ದು ತಂಗಿಯ ಮದುವೆ ವಿಡಿಯೋದಲ್ಲಿ. ಫೋಟೋಗ್ರಾಫರ್ 4ಕೆಯಲ್ಲಿ, ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ತೆಗೆದು, ಡಿಸ್ಕನ್ನೇ ಕೈಗೆ ಕೊಟ್ಟ. ಒಂದು ಗಂಟೆಯ ವಿಡಿಯೋ ಅಂದರೆ 45 ಜಿಬಿ. ಓಟಿಟಿಯವರ 4ಕೆಗೆ 15 ಎಂಬಿಪಿಎಸ್ (ಸೆಕೆಂಡಿಗೆ 15 ಮೆಗಾಬಿಟ್) ಇದ್ದರೂ ನಡೆಯುತ್ತದೆ. ಎರಡಕ್ಕೂ ಹೆಸರು 4ಕೆ, ತೂಕ ಬೇರೆ ಬೇರೆ.

ಮನೆ ತುಂಬ ಜನ. ಗಂಗಾಪೂಜೆ ಮುಗಿಸಿ ನೀರಿನ ಬಿಂದಿಗೆ ಹೊತ್ತು ಬರುವ ಮದುಮಗಳ ದಾರಿಗೆ ಅಡ್ಡ ನಿಂತು ವಾಲಗಕ್ಕೆ ಕುಣಿಯುತ್ತಾರಲ್ಲ, ಆ ದೃಶ್ಯ ಬಂತು. ಒಂದೆರಡು ನಿಮಿಷ ಸರಾಗವಾಗಿ ಓಡಿತು. ಆಮೇಲೆ ಚಿತ್ರ ನಿಂತು ಚಕ್ರ ಸುತ್ತತೊಡಗಿತು. ಮತ್ತೆ ಸ್ವಲ್ಪ ಓಡಿತು, ಮತ್ತೆ ಚಕ್ರ. ಮದುಮಗಳನ್ನು ಕುಣಿಯುವವರು ತಡೆದದ್ದಕ್ಕಿಂತ ಜಾಸ್ತಿ ಹೊತ್ತು ನಮ್ಮ ಟಿವಿ ತಡೆಯಿತು. "ನೆಟ್ ಸ್ಲೋ ಇರಬೇಕು ಮಗಾ" ಎಂದರು ದೊಡ್ಡಪ್ಪ. ಅವತ್ತು ನೆಟ್ಟೇ ಇರಲಿಲ್ಲ!

ಕಾರಣ ಸಿಕ್ಕಿದ್ದು ಟಿವಿಯ ಬೆನ್ನಿನಲ್ಲಿ. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಎಷ್ಟೋ 4ಕೆ ಟಿವಿಗಳ ಲ್ಯಾನ್ ಪೋರ್ಟ್, ಅಂದರೆ ನೆಟ್‌ವರ್ಕ್ ವೈರ್ ಸಿಕ್ಕಿಸುವ ಜಾಗ, ಇವತ್ತಿಗೂ 100 ಎಂಬಿಪಿಎಸ್‌ದೇ. ಅದರಲ್ಲಿ ಕೈಗೆ ಸಿಗುವುದು ಹೆಚ್ಚೆಂದರೆ 94ರ ಆಸುಪಾಸು. ಫೈಲ್ ಕೇಳುವುದು 100, ಮೇಲೆ ಆಡಿಯೋ ಬೇರೆ. ಬಫರಿನಲ್ಲಿ ಟಿವಿ ಮುಂಚೆಯೇ ತುಂಬಿಟ್ಟುಕೊಂಡದ್ದು ಖಾಲಿಯಾಗುವ ತನಕ ಓಡುತ್ತದೆ, ಆಮೇಲೆ ಚಕ್ರ. ನ್ಯಾಸ್‌ನ ತಪ್ಪೇನೂ ಇಲ್ಲ. ಒಂದು ಸಾಮಾನ್ಯ ಹಾರ್ಡ್ ಡಿಸ್ಕ್ ಕೂಡ ಇದರ ಹತ್ತು ಪಟ್ಟು ವೇಗದಲ್ಲಿ ಓದಬಲ್ಲದು. ಇನ್ನೂ ದುಬಾರಿ ನ್ಯಾಸ್ ತಂದಿದ್ದರೂ ಚಕ್ರ ಸುತ್ತುತ್ತಲೇ ಇರುತ್ತಿತ್ತು.

ಟಿವಿಯ ವೈರ್ ಕಿತ್ತು 5 ಗಿಗಾಹರ್ಟ್ಜ್ ವೈಫೈಗೆ ಹಾಕಿದೆ. ರೂಟರ್ ಅದೇ ಹಾಲ್‌ನಲ್ಲಿತ್ತು, ವಿಡಿಯೋ ಸರಾಗವಾಗಿ ಓಡಿತು. ವೈರ್‌ಗಿಂತ ವೈಫೈ ಮೇಲು ಎಂದು ನಾನು ಹೇಳುವ ಸಂದರ್ಭ ಇದೊಂದೇ. ಒಳಗಿನ ಕೋಣೆಯ ಟಿವಿಗೆ ಇದು ಆಗಲ್ಲ. ನಮ್ಮದು ಹಳೆಯ ಹೆಂಚಿನ ಮನೆ, ದಪ್ಪ ಮಣ್ಣಿನ ಗೋಡೆ. ಒಂದು ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಜ್ ಸಿಗ್ನಲ್ ಸುಸ್ತಾಗಿರುತ್ತದೆ. 2.4 ಗಿಗಾಹರ್ಟ್ಜ್ ವೈಫೈ ಗೋಡೆ ದಾಟುತ್ತದೆ, ಆದರೆ ಇಷ್ಟು ಭಾರ ಹೊರುವುದಿಲ್ಲ. ಅಲ್ಲಿಗೆ ಯುಎಸ್‌ಬಿಗೆ ಸಿಕ್ಕಿಸುವ ಗಿಗಾಬಿಟ್ (1000 ಎಂಬಿಪಿಎಸ್) ಲ್ಯಾನ್ ಅಡಾಪ್ಟರ್ ಹಾಕಿದೆ. ಯುಎಸ್‌ಬಿ 2.0 ಪೋರ್ಟ್ ಆದರೂ 300 ಎಂಬಿಪಿಎಸ್ ಹತ್ತಿರ ಸಿಗುತ್ತದೆ, ಧಾರಾಳ ಸಾಕು. ಎಲ್ಲ ಟಿವಿಗಳೂ ಈ ಅಡಾಪ್ಟರನ್ನು ಗುರುತಿಸುವುದಿಲ್ಲ. ಯಾರದ್ದಾದರೂ ತಂದು ಸಿಕ್ಕಿಸಿ ನೋಡಿ ಆಮೇಲೆ ಕೊಳ್ಳಿ. ಪ್ರತ್ಯೇಕ ಪ್ಲೇಯರ್ ತಗೊಳ್ಳುವವರೂ ಪೋರ್ಟ್ ನೋಡಿಯೇ ತಗೊಳ್ಳಿ. ಉದಾಹರಣೆಗೆ 2022ರ ಆಪಲ್ ಟಿವಿ 4ಕೆಯಲ್ಲಿ 128 ಜಿಬಿ ಮಾದರಿಗೆ ಮಾತ್ರ ಲ್ಯಾನ್ ಪೋರ್ಟ್ ಇದೆ, 64ರದಕ್ಕೆ ಇಲ್ಲ.

ಇನ್ನು ವೈರಿಂಗ್. ನಮ್ಮಲ್ಲಿಗೆ ಬಂದ ಹುಡುಗ ಎಂಟು ತಂತಿಯ ಕೇಬಲ್‌ನಲ್ಲಿ ನಾಲ್ಕನ್ನೇ ಕನೆಕ್ಟರಿಗೆ ಒತ್ತಿ ಕೂರಿಸಿದ್ದ (ಕ್ರಿಂಪ್). ಕೇಳಿದರೆ, "ನಾಲ್ಕು ಸಾಕು ಸಾರ್, ಓಡುತ್ತೆ" ಅಂದ. ಓಡುತ್ತದೆ, ಸುಳ್ಳಲ್ಲ. 100 ಎಂಬಿಪಿಎಸ್‌ಗೆ ನಾಲ್ಕು ತಂತಿ ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು, ಒಂದು ಜೋಡಿ ಕೈಕೊಟ್ಟರೂ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಎಂಟನ್ನೂ ಹಾಕಿಸಿದ ಮೇಲೂ ಇದು ನಮಗೆ ಮತ್ತೆ ಎದುರಾಗಿದೆ. ಆಗಸ್ಟ್ ತಿಂಗಳ ಥಂಡಿಗೆ ಕನೆಕ್ಟರಿನ ಪಿನ್‌ಗಳು ಕಪ್ಪಾಗುತ್ತವೆ, ಅಟ್ಟದಲ್ಲಿ ಇಲಿ ಕಡಿಯುತ್ತದೆ. ಕೇಬಲ್‌ಗಳೆಲ್ಲ ಬಂದು ಸೇರುವ ನಮ್ಮ ನೆಟ್‌ವರ್ಕ್ ಸ್ವಿಚ್‌ನಲ್ಲಿ ಗಿಗಾಬಿಟ್ ಇದ್ದರೆ ಹಸಿರು ದೀಪ, 100 ಆದರೆ ಕಿತ್ತಳೆ. ಚಕ್ರ ಸುತ್ತಿತು ಅಂದರೆ ನಾನು ಮೊದಲು ಹೋಗಿ ನೋಡುವುದು ಆ ದೀಪವನ್ನು. ಕೇಬಲ್ ಕೊಳ್ಳುವಾಗ ಶುದ್ಧ ತಾಮ್ರದ್ದೇ ಎಂದು ಕೇಳಿ. ತಾಮ್ರದ ಲೇಪ ಇರುವ ಅಲ್ಯೂಮಿನಿಯಂ ತಂತಿ ಬೆಲೆಯಲ್ಲಿ ಅಗ್ಗ, ಆದರೆ ಬಗ್ಗಿಸಿದರೆ ಬೇಗ ಮುರಿಯುತ್ತದೆ. ಕ್ಯಾಟ್ 5ಇ ಆದರೂ 100 ಮೀಟರ್ ತನಕ ಗಿಗಾಬಿಟ್ ಕೊಡುತ್ತದೆ, ಅದಕ್ಕಿಂತ ದುಬಾರಿಯದ್ದನ್ನು ಸುಮ್ನೆ ತಗೊಳ್ಳಬೇಡಿ.

ಕಣದ ಪಕ್ಕದಲ್ಲಿರುವ, ತೋಟದ ಲೆಕ್ಕ ಬರೆಯುವ ರೈಟರ್ ಕೋಣೆಗೂ ಲೈನ್ ಎಳೆದಿದ್ದೇವೆ. ಅಲ್ಲಿಗೆ ತಾಮ್ರ ಬೇಡವೇ ಬೇಡ. ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚು ನಿಮಗೆ ಗೊತ್ತಲ್ವಾ? ಎರಡು ಕಟ್ಟಡಗಳ ನಡುವೆ ಬಯಲಲ್ಲಿ ಹಾಯುವ ತಾಮ್ರದ ತಂತಿ ಸಿಡಿಲಿನ ಏಟನ್ನು ಎರಡೂ ಕಡೆಯ ಪೋರ್ಟಿಗೆ ತಲುಪಿಸುತ್ತದೆ. ಫೈಬರ್ ಎಳೆದು ಎರಡೂ ತುದಿಗೆ ಫೈಬರನ್ನು ಲ್ಯಾನ್ ವೈರಿಗೆ ಜೋಡಿಸುವ ಒಂದೊಂದು ಮೀಡಿಯಾ ಕನ್ವರ್ಟರ್ ಹಾಕಿಸಿದೆವು. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ.

ಎಲ್ಲ ಜರ್ಕೂ ನೆಟ್‌ವರ್ಕಿನದ್ದಲ್ಲ. ಚಕ್ರ ಕಾಣಿಸದೆ, ಕ್ಯಾಮೆರಾ ತೋಟದ ಮೇಲೆ ಅಡ್ಡ ಸರಿಯುವಾಗ ಮಾತ್ರ ಒಂದೇ ಲಯದಲ್ಲಿ ಕುಕ್ಕಿದಂತೆ ಕಂಡರೆ ಅದು ಫ್ರೇಮ್ ರೇಟ್ ಸಮಸ್ಯೆ. ವಿಡಿಯೋ ಸೆಕೆಂಡಿಗೆ 25 ಫ್ರೇಮ್, ಟಿವಿ 60ರಲ್ಲಿ ಓಡುತ್ತಿದೆ, ಲೆಕ್ಕ ಕೂಡಲ್ಲ. ಪ್ಲೇಯರ್ ಸೆಟ್ಟಿಂಗ್‌ನಲ್ಲಿ ಫ್ರೇಮ್ ರೇಟ್ ಹೊಂದಿಸುವ ಆಯ್ಕೆ ಆನ್ ಮಾಡಿ. ನಮ್ಮ ಮನೆಯಲ್ಲಿ ಇದನ್ನು ನನ್ನ ಹೊರತು ಯಾರೂ ಗಮನಿಸಿರಲಿಲ್ಲ ಅನ್ನುವುದೂ ನಿಜ.

ಸರ್ವರ್, ಅಂದರೆ ಜೆಲ್ಲಿಫಿನ್ ಇರುವ ನ್ಯಾಸ್, ಯಾವಾಗ ಬೆವರುತ್ತದೆ ಎಂಬುದನ್ನೂ ಹೇಳಬೇಕು. ಫೈಲನ್ನು ಇದ್ದ ಹಾಗೇ ಟಿವಿಗೆ ಕಳಿಸುವುದು ಸುಲಭದ ಕೆಲಸ, ಸಣ್ಣ ಪ್ರೊಸೆಸರಿನ ನ್ಯಾಸ್ ಕೂಡ ಮಾಡುತ್ತದೆ. ಟಿವಿಗೆ ಅರ್ಥವಾಗದ ಫಾರ್ಮ್ಯಾಟ್ ಬಂದಾಗ ಸರ್ವರ್ ಅದನ್ನು ಓಡುತ್ತಲೇ ಬದಲಾಯಿಸಬೇಕು, ಆಗ ಏದುಸಿರು. ಎರಡು ಕಡೆ ಇದು ಜಾಸ್ತಿ. ಒಂದು, ಬ್ಲೂರೇ ಡಿಸ್ಕಿನಿಂದ ಬಂದ ಚಿತ್ರರೂಪದ ಸಬ್‌ಟೈಟಲ್. ಟಿವಿಗೆ ಅದನ್ನು ತೋರಿಸಲು ಬಾರದಿದ್ದರೆ ಸರ್ವರ್ ಅದನ್ನು ವಿಡಿಯೋ ಮೇಲೆ ಅಚ್ಚು ಹಾಕಿ ಕಳಿಸಬೇಕು. ಬದಲಿಗೆ ಅಕ್ಷರರೂಪದ ಎಸ್‌ಆರ್‌ಟಿ ಸಬ್‌ಟೈಟಲ್ ಫೈಲ್ ಇಟ್ಟರೆ ತಲೆನೋವಿಲ್ಲ. ಇನ್ನೊಂದು, ಕ್ಯಾಮೆರಾದಿಂದ ನೇರ ಬಂದ, 10 ಬಿಟ್ ಎಚ್.264 ಎಂಬ ಫಾರ್ಮ್ಯಾಟಿನ ಕ್ಲಿಪ್‌ಗಳು. ಬಹುತೇಕ ಟಿವಿಗಳ ಚಿಪ್ ಅವನ್ನು ತೆರೆಯುವುದೇ ಇಲ್ಲ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ 10 ಬಿಟ್ ಎಚ್.265ಗೆ ಒಮ್ಮೆ ಬದಲಾಯಿಸಿಟ್ಟೆ. ರಾತ್ರಿಯಿಡೀ ಲ್ಯಾಪ್‌ಟಾಪ್ ಬಿಸಿಯಾಗಿ ಕೂಗಿತು, ಆಮೇಲಿಂದ ನೆಮ್ಮದಿ. ಇಂಟೆಲ್ ಪ್ರೊಸೆಸರಿನ ನ್ಯಾಸ್ ಆದರೆ ಅದರೊಳಗಿನ ಕ್ವಿಕ್ ಸಿಂಕ್ ಎಂಬ ವಿಡಿಯೋ ಸೌಲಭ್ಯದ ನೆರವಿನಿಂದ ಮಾಮೂಲಿ ಫಾರ್ಮ್ಯಾಟ್‌ಗಳ ಬದಲಾವಣೆ ಸಲೀಸು, ಆದರೆ 10 ಬಿಟ್ ಎಚ್.264 ತೆರೆಯಲು ಬಹುತೇಕ ಇಂಟೆಲ್ ಚಿಪ್‌ಗಳಲ್ಲಿ ಅದರ ನೆರವೂ ಸಿಗುವುದಿಲ್ಲ. ಜೆಲ್ಲಿಫಿನ್ ಅದಕ್ಕೆ ದುಡ್ಡು ಕೇಳುವುದಿಲ್ಲ.

ಕಿರಿಕಿರಿಗಳೂ ಇವೆ. ಡಿಸ್ಕ್ ಮಲಗಿದ್ದರೆ ಮೊದಲ ಸಲ ಪ್ಲೇ ಒತ್ತಿದಾಗ ಅದು ಎದ್ದು ತಿರುಗುವ ತನಕ ಕಾಯಬೇಕು. ಅಷ್ಟರಲ್ಲಿ ಅಮ್ಮ ರಿಮೋಟಿನ ಎಲ್ಲ ಬಟನ್‌ಗಳನ್ನೂ ಒತ್ತಿ ಆಗಿರುತ್ತದೆ. ಕರೆಂಟ್ ಹೋಗಿ ಬರುವ ಆಟಕ್ಕೆ ಬರೀ ಇನ್ವರ್ಟರ್ ಸಾಲದು, ಅದರ ಚಾರ್ಜೂ ಮುಗಿಯುತ್ತದೆ. ಯುಎಸ್‌ಬಿ ತಂತಿಯಿಂದ ನ್ಯಾಸ್‌ಗೆ ಸುದ್ದಿ ಮುಟ್ಟಿಸುವ ಸಣ್ಣ ಯುಪಿಎಸ್ ಇಟ್ಟ ಮೇಲೆ ಪೆಟ್ಟಿಗೆ ತಾನಾಗೇ ಮರ್ಯಾದೆಯಿಂದ ಆಫ್ ಆಗುತ್ತದೆ. ಎರಡು ಡಿಸ್ಕಿನಲ್ಲಿ ಒಂದೇ ಪ್ರತಿ ಇಡುವ ರೇಡ್ 1 ಬ್ಯಾಕಪ್ ಅಲ್ಲ. ಒಂದರಲ್ಲಿ ಅಳಿಸಿದರೆ ಇನ್ನೊಂದರಲ್ಲೂ ಅಳಿಯುತ್ತದೆ. ಮದುವೆ ವಿಡಿಯೋದ ಇನ್ನೊಂದು ಪ್ರತಿ ವಿರಾಜಪೇಟೆಯ ಅತ್ತೆ ಮನೆ ಬೀರುವಿನಲ್ಲಿದೆ.

ಬೆಂಗಳೂರಿನಲ್ಲಿರುವ ತಂಗಿ ತನ್ನ ಮದುವೆ ವಿಡಿಯೋವನ್ನು ಅಲ್ಲಿಂದಲೇ ಪೂರ್ತಿ ಗುಣಮಟ್ಟದಲ್ಲಿ ನೋಡಬೇಕು ಅಂದಳು. ನಮ್ಮ ತೋಟದ ನೆಟ್ಟಿನ ಅಪ್‌ಲೋಡ್ ವೇಗಕ್ಕೆ ಅದು ಆಗದ ಮಾತು. ಪೆನ್ ಡ್ರೈವ್ ಕಳಿಸಿದೆ. ಕಳಿಸುವವರು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ.